ಹಿಂದಿನ ಸೀಟಿನ ಸದ್ದು

ಗಾಡಿ ಸರಿಯಾಯಿತು ಎಂದು ಕೇಳಿ ಯಾರಿಗಾದರೂ ಸಂಕಟವಾಗುತ್ತದೆಯೇ? ತನಗೆ ಆಗುತ್ತಿದೆ. ಎಂಥ ಮನುಷ್ಯನಪ್ಪಾ ನಾನು ಎಂದು ವಿಶ್ವನಾಥಪ್ಪ ತನ್ನನ್ನೇ ಬೈದುಕೊಂಡ. ಸೋಲಾಪುರದ ಈ ಸರ್ವಿಸ್ ಸೆಂಟರಿನ ಗಾಜಿನ ಕೋಣೆಗೆ ಬರುವಾಗ ಅಭ್ಯಾಸದಿಂದ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟುಬಿಟ್ಟಿದ್ದ. ಒಳಗೆ ಎಲ್ಲರ ಕಾಲಲ್ಲೂ ಬೂಟು. ಈಗ ಎದ್ದು ಹೋಗಿ ಹಾಕಿಕೊಂಡು ಬಂದರೆ ತಪ್ಪು ಮಾಡಿದ್ದೆ ಎಂದು ಊರಿಗೆಲ್ಲ ಸಾರಿದ ಹಾಗೆ, ಹೀಗೇ ಕೂತರೆ ಎದುರಿನ ಸೋಫಾದವನು ಪಾದ ನೋಡುತ್ತಾನೆ. ಕಾಲುಗಳನ್ನು ಕುರ್ಚಿಯ ಕೆಳಗೆ ಸರಿಸಿ, ತನ್ನೂರು ನಿಲಂಗಾದ ಬಜಾರದಲ್ಲಿ ಹತ್ತು ಜನ ನಮಸ್ಕಾರ ಮಾಡುವ ಬೇಳೆಕಾಳಿನ ವ್ಯಾಪಾರಿ, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನಂತೆ ಕೂತಿದ್ದ. ಹೊಸ ಬ್ಯಾಟರಿಯ ಬಿಲ್ಲು ಕಟ್ಟಿಯಾಗಿತ್ತು. ಅದು ಎಷ್ಟು ಎಂದು ಮನೆಯಲ್ಲಿ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಆದರೆ ಸಂಕಟ ದುಡ್ಡಿನದಲ್ಲ. ಕೌಂಟರಿನ ಹುಡುಗಿ ಮೀನಲ ಒಂದೇ ಮಾತಿನಲ್ಲಿ, ನಗುನಗುತ್ತ, ಗಾಡಿಯೊಳಗಿಂದ ಯಾರನ್ನೋ ಎಬ್ಬಿಸಿ ಕಳಿಸಿಬಿಟ್ಟ ಹಾಗೆ ಮಾಡಿದ್ದಳು.

"ಈಗ ಒಂದ್ ಸಪ್ಪಳ ಇಲ್ಲ ನೋಡ್ರಿ ಕಾಕಾ" ಎಂದಿದ್ದಳು ಆಕೆ. ಮೊದಲು ಮರಾಠಿಯಲ್ಲೇ ಮಾತಾಡುತ್ತಿದ್ದವಳು, ಬಿಲ್ಲು ನೋಡಿ ಅವನ ಬಾಯಿಂದ ಹೊರಬಿದ್ದ 'ಯಪ್ಪಾ ಶಿವನ' ಕೇಳಿ ಕನ್ನಡಕ್ಕೆ ಹೊರಳಿದ್ದಳು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಅವನ ಮುಂದೆ ಹಿಡಿದಳು. "ನಿಮ್ಮದು ಪೆಟ್ರೋಲಿನ ಮ್ಯಾಲೂ ಓಡ್ತದ, ಬ್ಯಾಟರಿ ಮ್ಯಾಲೂ ಓಡ್ತದ ಹೌದಲ್ರಿ? ಆ ಬ್ಯಾಟರಿ ಹಿಂದಿನ ಸೀಟಿನ ಬುಡಕ ಇರ್ತದ. ಬಾಜೂಕ ಈ ಜಾಳಿ ಅದ ಅಲ್ಲ, ಇದರಾಗಿಂದನ ಅದು ಗಾಳಿ ತಗೋತದ. ನಿಮ್ಮ ಕಂಬಳಿ ಸೀದಾ ಇದರ ಮ್ಯಾಲ ಬಿದ್ದಿತ್ತು. ಉಣ್ಣಿ ಎಳಿ ಎಳಿ ಒಳಗ ಹೋಗಿ ಫ್ಯಾನಿಗಿ ಸುತ್ಕೊಂಡದ. ಪಾಪ, ಉಸಿರ ಕಟ್ಟಿ ಸತ್ತದ ಬ್ಯಾಟರಿ."

"ಉಸಿರ?" ಎಂದ ವಿಶ್ವನಾಥಪ್ಪ.

"ಫ್ಯಾನ್ ಎಷ್ಟ್ ಒದರಿರಬೇಕ್ರಿ! ನಿಮಗ ಕೇಳಿಸ್ಲಿಲ್ಲೇನು?"

ಕೇಳಿಸಲಿಲ್ಲವೇ! ಅದನ್ನು ಕೇಳುವುದಕ್ಕಾಗಿಯೇ ತಾನು ದಿನ ಕಳೆಯುತ್ತಿದ್ದೆ ಎಂದು ಈ ಹುಡುಗಿಗೆ ಹೇಗೆ ಹೇಳುವುದು. "ಕೇಳಸ್ತಿತ್ತವ್ವಾ" ಎಂದ.

"ಮತ್ತ ಶ್ರಾವಣದಾಗ ಫೋನ್ ಮಾಡಿ ಕರದಾಗ ಯಾಕ ಬರಲಿಲ್ರಿ? ಅವಾಗ ವಾರಂಟಿ ಇತ್ತು. ಜಾಳಿ ಸಾಫ ಮಾಡಿದ್ರ ಬ್ಯಾಟರಿನೂ ಉಳೀತಿತ್ತು. ಹೋದ ತಿಂಗಳ ಮುಗದ್ಹೋತು. ನಾ ಮ್ಯಾಲಿನವರಿಗಿ ಕೇಳೀನಿ ಕಾಕಾ, ಖರೇನ ಕೇಳೀನಿ. ಆಗೂದಿಲ್ಲ ಅಂದ್ರು."

ಆಕೆಯ ಮುಖದಲ್ಲಿ ನಿಜವಾದ ಮರುಕವಿತ್ತು, ಅದೇ ಅವನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ಮೇಜಿನ ಕೆಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಂಬಳಿಯನ್ನು ತೆಗೆದು ಎರಡೂ ಕೈಯಿಂದ ಕೊಟ್ಟು, "ಇದನ್ನ ಇನ್ನ ಹಾಕಬ್ಯಾಡ್ರಿ" ಎಂದಳು. ಚೀಲದ ಮೇಲೆ ಅವನ ಗಾಡಿಯ ನಂಬರು ಬರೆದಿತ್ತು. ಮಠದ ಅಪ್ಪಾವರ ಕಂಬಳಿಗೆ ನಂಬರು! ಹೆಂಡತಿ ಸುಗಂಧಾ ನೋಡಿದರೆ ಎದೆ ಒಡೆದುಕೊಂಡಾಳು ಎಂದು ಅಲ್ಲೇ ಉಗುರಿನಿಂದ ಆ ಚೀಟಿಯನ್ನು ಕೆರೆಯತೊಡಗಿದ. ಅರ್ಧ ಬಂತು, ಅರ್ಧ ಬರಲಿಲ್ಲ.

ಸೋಲಾಪುರ ದಾಟಿ ಹೆದ್ದಾರಿಗೆ ಬಂದ ಮೇಲೆ ಅವನಿಗೆ ಕಿವಿಯೇ ಮಂದವಾದಂತೆ ಅನ್ನಿಸಿತು. ಎಂಜಿನ್ನಿನ ಸದ್ದಿದೆ, ಗಾಲಿಯ ಸದ್ದಿದೆ, ಲಾರಿಗಳ ಹಾರ್ನಿದೆ, ಆದರೆ ಬೆನ್ನ ಹಿಂದೆ ಏನೂ ಇಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ಬೋಳಾಗಿ ಕಂಡಿತು. ಬೂದು ಬಣ್ಣದ ಬಟ್ಟೆ. ಇಷ್ಟು ವರ್ಷ ಅದರ ಬಣ್ಣ ಬೂದು ಎಂಬುದೂ ಮರೆತುಹೋಗಿತ್ತಲ್ಲ. ಗಾಡಿ ಮನೆಗೆ ಬಂದ ವಾರವೇ ಮಠದ ಸ್ವಾಮಿಗಳಾದ ಅಪ್ಪಾವರನ್ನು ಪಾದಪೂಜೆಗೆ ಕರೆತಂದದ್ದು ಇದರಲ್ಲೇ. ವಯಸ್ಸಾದ ಜೀವ, ತಮ್ಮದೇ ಕಂಬಳಿ ಹಾಸಿಕೊಂಡು ಆ ಸೀಟಿನಲ್ಲಿ ಕೂತಿದ್ದರು. ಮನೆ ಮುಂದೆ ಇಳಿಯುವಾಗ, ಆರತಿ ತಟ್ಟೆ ಹಿಡಿದು ನಿಂತ ಸುಗಂಧಾಳ ಮುಖ ನೋಡಿ, "ಏನವ್ವಾ, ಭಾಳ ದಣದೀಯಲ್ಲ" ಎಂದರು. ಅಷ್ಟೇ. ಅದಕ್ಕೆ ಈಕೆ ಆರತಿ ತಟ್ಟೆ ಹಿಡಿದುಕೊಂಡೇ, ಓಣಿಯ ಜನರೆಲ್ಲರ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ನಾಚಿಕೆಯಾಗಿತ್ತು. ನಾನೇನು ಇವಳನ್ನು ಗಾಣಕ್ಕೆ ಕಟ್ಟಿದ್ದೇನೆಯೇ ಎಂದು ಸಿಟ್ಟೂ ಬಂದಿತ್ತು. ಅಪ್ಪಾವರನ್ನು ಮಠಕ್ಕೆ ಬಿಟ್ಟು ಬಂದಾಗ ಕಂಬಳಿ ಸೀಟಿನ ಮೇಲೆಯೇ ಉಳಿದಿತ್ತು. ತಿರುಗಿ ಕೊಡಲು ಹೋದರೆ "ಇರಲಿ ಬಿಡಪ್ಪಾ" ಎಂದರು. ಮುಂದೆ ಅವರು ಲಿಂಗೈಕ್ಯರಾದರು. ಅಂದಿನಿಂದ ಆ ಸೀಟಿನ ಮೇಲೆ ಯಾರೂ ಕೂರಲಿಲ್ಲ. ಸುಗಂಧಾ ಕೂರಿಸಲಿಲ್ಲ. ಗುರುವಾರಕ್ಕೊಮ್ಮೆ ಬಾಗಿಲು ತೆರೆದು, ಕಂಬಳಿಯ ಅಂಚಿಗೆ ಎರಡು ಹೂವಿಟ್ಟು, ತಲೆ ಬಾಗಿ, ಬಾಗಿಲು ಹಾಕುತ್ತಿದ್ದಳು. ಐದು ಜನರ ಗಾಡಿ ಇಬ್ಬರದಾಯಿತು. ಬೀಗರು ಬಂದರೆ ರಿಕ್ಷಾ ತರಿಸುವುದು, ಇವನು ಹಿಂದಿಂದೆ ಖಾಲಿ ಗಾಡಿ ಓಡಿಸಿಕೊಂಡು ಹೋಗುವುದು. ಬಜಾರದಲ್ಲಿ ಜನ ಬೆನ್ನ ಹಿಂದೆ ನಗುತ್ತಿದ್ದರು ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಆಮೇಲೆ ಈ ಬೇಸಿಗೆಯಲ್ಲಿ ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಉಸಿರೆಳೆದ ಹಾಗೆ. ಬರಬರುತ್ತ ಒಂದೇ ಸಮನೆ, ಮೂಗಿನೊಳಗಿಂದ ಬರುವ ಮಂತ್ರದ ಹಾಗೆ. ಔರಾದಕ್ಕೆ ಹೋಗಿ ಬರುವಾಗ ಸುಗಂಧಾ ಅವನ ತೋಳು ಹಿಡಿದು "ಗಾಡಿ ನಿಲ್ಲಸ್ರೀ" ಎಂದಳು. ನಿಲ್ಲಿಸಿದ. ಎಂಜಿನ್ನು ಸುಮ್ಮನಾಯಿತು, ಹಿಂದಿನದು ಸುಮ್ಮನಾಗಲಿಲ್ಲ. "ಕೇಳ್ರಿ" ಎಂದಳು, ಕಣ್ಣಲ್ಲಿ ನೀರು. "ಜಪಾ ಮಾಡಾಕತ್ತಾರ." ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಉರಿಬಿಸಿಲಿನಲ್ಲಿ, ರಸ್ತೆಯ ಅಂಚಿನಲ್ಲಿ, ಆಕೆಯ ಕೈ ಅವನ ತೋಳಿನ ಮೇಲಿತ್ತು, ಎಷ್ಟೋ ಕಾಲದ ಮೇಲೆ. ಶ್ರಾವಣದಲ್ಲಂತೂ ಪಕ್ಕದ ಮನೆಯ ಯೋಗಿತಾ ಮೊದಲಾಗಿ ಓಣಿಯ ಹೆಂಗಸರೆಲ್ಲ ಮಿಂದು ಮಡಿಯಾಗಿ ಬಂದು ಗಾಡಿಯ ಸುತ್ತ ನಿಂತು ಕೇಳಿ ಹೋಗುತ್ತಿದ್ದರು. ಆಗಲೇ ಸರ್ವಿಸಿಗೆ ತರಬೇಕೆಂದು ಫೋನು ಬಂದದ್ದು. "ಅಲ್ಲಿ ಹುಡುಗೂರು ಬೂಟಗಾಲೀಲೆ ಸೀಟ ಏರ್ತಾರ. ಶ್ರಾವಣ ಮುಗೀಲಿ" ಎಂದಳು ಸುಗಂಧಾ. ಶ್ರಾವಣ ಮುಗಿದ ಮೇಲೆ ದಸರಾ ಆಗಲಿ ಎಂದಳು. ದಸರೆಯ ಮರುವಾರ ಕಾಸಾರ ಶಿರಸಿಯ ಹತ್ತಿರ ಸ್ಟಿಯರಿಂಗಿನ ಹಿಂದೆ ಕೆಂಪು ದೀಪ ಹತ್ತಿ, ಅಲ್ಲೇ ನಡುರಸ್ತೆಯಲ್ಲಿ ಕೈಕೊಟ್ಟಿತು. ಅಷ್ಟರಲ್ಲಿ ವಾರಂಟಿ ಮುಗಿದು ಕೆಲವೇ ದಿನ ಕಳೆದಿದ್ದವು.

ಹೇಳಬೇಕು, ಈ ಸಲ ಹೇಳಿಯೇ ಬಿಡಬೇಕು ಎಂದುಕೊಂಡ. ಕಾಲಿಟ್ಟ ಕೂಡಲೇ, ನೀರು ಕುಡಿಯುವ ಮೊದಲೇ. ನಿನ್ನ ಕಂಬಳಿಯಿಂದ ಬ್ಯಾಟರಿ ಸತ್ತಿತು. ಜಪ ಅಲ್ಲ, ಗಿಪ ಅಲ್ಲ, ಉಸಿರುಗಟ್ಟಿ ಒದರುತ್ತಿದ್ದ ಫ್ಯಾನು. ಮಾತನ್ನು ಬಾಯಿಬಿಟ್ಟು ಆಡಿ ನೋಡಿದ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಆಡಿದ. ಮೂರನೆಯ ಸಲಕ್ಕೆ ಅದು ನಾಲಿಗೆಗೆ ರುಚಿಯಾಗತೊಡಗಿತು. ಆಕೆಯ ಮುಖ ಹೇಗೆ ಇಳಿದುಹೋಗುತ್ತದೆ, ಓಣಿಯ ಹೆಂಗಸರ ಮುಂದೆ ಹೇಗೆ ತಲೆ ತಗ್ಗುತ್ತದೆ ಎಂದು ನೆನೆದು ಒಳಗೊಳಗೇ ಖುಷಿಯಾಯಿತು. ಆ ಖುಷಿ ಕಂಡು ತನಗೇ ಹೇಸಿಗೆಯಾಗಿ, ಥೂ, ಎಂದು ಕಿಟಕಿಯ ಹೊರಗೆ ಉಗುಳಿದ. ಗಾಳಿಗೆ ಅದು ತಿರುಗಿ ಅವನ ತೋಳಿನ ಮೇಲೇ ಬಿತ್ತು.

ಉಮರ್ಗಾ ಚೌರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು. ಗುಂಜೋಟಿಯ ಕಡೆ ಹೋಗುವವರು ಬಸ್ಸಿಗೆ ಕಾಯುತ್ತ ಬೇವಿನ ಗಿಡದ ನೆರಳಿನ ಜೊತೆ ಜೊತೆಗೇ ಸರಿಯುತ್ತಿದ್ದರು. ಈ ಜಾಗದಲ್ಲೇ ಹಿಂದೊಮ್ಮೆ ಅಕ್ಕ ಮಾಣಿಕಬಾಯಿ ನಿಂತಿದ್ದಳು, ಮೊಣಕಾಲು ನೋವಿನವಳು, ಕೈಯಲ್ಲಿ ಎರಡು ಚೀಲ. ಗಾಡಿ ನಿಲ್ಲಿಸಿದ್ದ. ಸುಗಂಧಾ ತಾನೇ ಕೆಳಗಿಳಿದು, "ಅಕ್ಕಾ, ನೀವು ಮುಂದ ಕೂಡ್ರಿ, ನಾ ಬಸ್ಸಿಗಿ ಬರ್ತೀನಿ" ಎಂದಳು. ಅಕ್ಕ ಸುಗಂಧಾಳ ಮುಖ ನೋಡಲಿಲ್ಲ. ಬಗ್ಗಿ ತಮ್ಮನ ಮುಖ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ಹಿಂದೆ ಕೂಡು ಎಂದೋ, ಮುಂದೆ ಕೂಡು ಎಂದೋ, ಏನೋ ಒಂದು. ಅವನು ಮುಂದಿನ ಗಾಜಿಗೆ ಅಂಟಿದ ಸತ್ತ ಚಿಟ್ಟೆಯನ್ನು ನೋಡುತ್ತ ಕೂತಿದ್ದ. "ನೀವಿಬ್ಬರೂ ಹೋಗ್ರಪ್ಪಾ" ಎಂದಳು ಅಕ್ಕ. ಅದಾದ ಮೇಲೆ ಮನೆಗೆ ಬಂದಿಲ್ಲ. ಅಕ್ಕನ ಮಾತು ಬಂದಾಗೆಲ್ಲ ತಪ್ಪನ್ನು ಸುಗಂಧಾಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಈಗ ಹಿಂದಿನ ಸೀಟು ಖಾಲಿ. ಯಾರನ್ನಾದರೂ ಕೂರಿಸಿಕೊಳ್ಳಬೇಕು ಎಂಬ ಹುಚ್ಚು ಆಸೆ ಹುಟ್ಟಿ ಗಾಡಿಯನ್ನು ಗಿಡದ ಹತ್ತಿರ ತಂದು ನಿಲ್ಲಿಸಿದ. ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಗಂಟಿನ ಮೇಲೆ ಕೂತಿದ್ದಳು. ಗಾಡಿ ಸದ್ದಿಲ್ಲದೆ ಬಂದು ನಿಂತದ್ದು ಕಂಡು ಬೆಚ್ಚಿದಳು. "ಬರ್ರಿ, ಗುಂಜೋಟಿಗಿ ಬಿಡ್ತೀನಿ. ಹಿಂದ ಜಾಗಾ ಅದ" ಎಂದ. ಮುದುಕಿ ಅವನನ್ನೂ, ಬೋಳು ಸೀಟನ್ನೂ, ಮತ್ತೆ ಅವನನ್ನೂ ನೋಡಿದಳು. "ನಕೋ ಬಾಬಾ, ನಕೋ" ಎಂದು ಗಂಟನ್ನು ತೊಡೆಗೆ ಎಳೆದುಕೊಂಡಳು. ಪಕ್ಕದವನೊಬ್ಬ ಗಾಡಿಯ ನಂಬರನ್ನು ನೋಡತೊಡಗಿದ. ಮುಖ ಕಪ್ಪಿಟ್ಟು ವಿಶ್ವನಾಥಪ್ಪ ಗಾಡಿ ಮುಂದಕ್ಕೆ ಬಿಟ್ಟ. ಅಕ್ಕನ ಮನೆಗೆ ಹೋಗುವ ದಾರಿ ಬಲಕ್ಕಿತ್ತೋ ಎಡಕ್ಕಿತ್ತೋ ಎಂಬುದನ್ನೂ ನೋಡದೆ ನಿಲಂಗಾದ ರಸ್ತೆ ಹಿಡಿದ.

ಇದನ್ನು ಈಗ ಯಾರಿಗೆ ಹೇಳುವುದು? ಹಳೆಯ ಗಾಡಿಯಾಗಿದ್ದರೆ, ಅಂದರೆ ಇದೇ ಗಾಡಿ ಹಿಂದಿನ ಹಾಗೆ ಇದ್ದಿದ್ದರೆ, ಈಗಾಗಲೇ ಹೇಳಿಯಾಗಿರುತ್ತಿತ್ತು. ನೋಡ್ರಿ ಅಪ್ಪಾವರ, ಮುದುಕಿ ನನ್ನ ಕಳ್ಳ ಅಂತ ತಿಳಿದ್ಳು. ಆ ಸದ್ದು ನಗುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ತನ್ನ ಪಾಡಿಗೆ ತಾನು ಒಂದೇ ಸಮನೆ ಹೂಂಗುಟ್ಟುತ್ತಿತ್ತು. ಉದಗೀರದ ದಾಲ್ ಮಿಲ್ಲಿಗೆ ಹೋಗುವಾಗ ಮೊದಲ ಸಲ ಅದಕ್ಕೆ ಏನೋ ಹೇಳಿದ್ದ, ತಮಾಷೆಗೆ. ಆಮೇಲೆ ತಮಾಷೆ ಉಳಿಯಲಿಲ್ಲ. ದಿನವಿಡೀ ಅಂಗಡಿಯಲ್ಲಿ ಮರಾಠಿ, ಮಿಲ್ಲಿನಲ್ಲಿ ಹಿಂದಿ, ಫೋನಿನಲ್ಲಿ ಮಗಳು ವೈಷ್ಣವಿ "ಅಪ್ಪಾ, ಅವ್ವಗ ಕೊಡು" ಎಂದರೆ ಮುಗಿಯಿತು. ಬಾಯಲ್ಲಿ ಉಳಿದ ಮಾತೆಲ್ಲ ಆ ಸದ್ದಿಗೆ ಸುರಿಯುತ್ತಿದ್ದ. ಸಂಜೆ ಅಂಗಡಿ ಮುಚ್ಚಿ ಬಂದ ಮೇಲೂ ಮನೆಯ ಬದಿಯ ತಗಡಿನ ಪತ್ರಾದ ಕೆಳಗೆ ಗಾಡಿ ನಿಲ್ಲಿಸಿ, ಸೆಕೆಗೆ ಗಾಜು ಇಳಿಸಿ, ಬಂದ್ ಮಾಡದೆ ಕೂತಿರುತ್ತಿದ್ದ. ಎದ್ದಾಗ ಎದೆ ಡಬಡಬ ಅನ್ನುವುದು, ಡಾಕ್ಟರರ ಹತ್ತಿರ ಹೋಗಲು ಹೆದರಿಕೆ, ಅಂಗಡಿಯಲ್ಲಿ ತನ್ನ ಮಾತು ಯಾರೂ ಕೇಳದಿರುವುದು, ಸುಗಂಧಾ ತಟ್ಟೆ ಇಟ್ಟು ಒಳಗೆ ಹೋಗಿಬಿಡುವುದು, ಒಬ್ಬನೇ ಕೂತು ಉಣ್ಣುವಾಗ ರೊಟ್ಟಿ ಮುರಿಯುವ ಸದ್ದಿಗೂ ಬೇಸರವಾಗುವುದು. ನಿಮ್ಮ ಸೀಟಿಗಿ ತಲಿ ಬಾಗಸ್ತಾಳ್ರೀ, ನನ್ನ ಕಡಿ ಮಾರಿ ಎತ್ತಿ ನೋಡೂದಿಲ್ಲ ಎಂದು ಒಂದು ದಿನ ಅತ್ತೂ ಇದ್ದ. ಫ್ಯಾನಿನ ಮುಂದೆ. ಉಣ್ಣೆ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಫ್ಯಾನಿನ ಮುಂದೆ, ಮಗಳನ್ನು ಮದುವೆ ಮಾಡಿಕೊಟ್ಟ ಗಂಡಸು, ಮೂಗು ಒರೆಸಿಕೊಂಡು ಅತ್ತಿದ್ದ. ಆಕೆ ನಂಬಿದಳು ಎಂದು ನಗುವುದು ಸುಲಭ. ತಾನು ನಂಬದೆಯೇ ಹೋಗಿ ಕೂರುತ್ತಿದ್ದೆನಲ್ಲ, ಅದಕ್ಕೇನು ಹೆಸರು?

ಹಾಗಾದರೆ ಹೇಳುವುದು ಬೇಡವೇ? ಹೇಳದಿದ್ದರೆ ಗುರುವಾರಕ್ಕೆ ಕಂಬಳಿ ಮತ್ತೆ ಅಲ್ಲೇ ಹಾಸುತ್ತಾಳೆ, ಹೊಸ ಬ್ಯಾಟರಿಯೂ ಬೂದಿಯಾಗುತ್ತದೆ. ಹೇಳಿದರೆ ಆ ಸೀಟಿನಲ್ಲಿ ಆಕೆಗೆ ಉಳಿಯುವುದಾದರೂ ಏನು, ಬೂದು ಬಟ್ಟೆ. ದಣಿದಿದ್ದೀಯ ಎಂದು ಕೇಳಿದ ಒಬ್ಬನೇ ಒಬ್ಬ ಮನುಷ್ಯನನ್ನು ಎರಡನೆಯ ಸಲ ಮಣ್ಣಿಗಿಟ್ಟ ಹಾಗೆ. ನಿಲಂಗಾದ ಬಜಾರು ಬಂದಾಗಲೂ ಅವನಿಗೆ ತೀರ್ಮಾನ ಆಗಿರಲಿಲ್ಲ. ಕಂಬಳಿಯ ಚೀಲ ಪಕ್ಕದ ಸೀಟಿನಲ್ಲಿತ್ತು.

ಸುಗಂಧಾ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಾಡಿಯ ಗಾಲಿಗೆ ನೀರು ಹಾಕಿ, ಅವನು ಇಳಿಯುವ ಮೊದಲೇ ಪಕ್ಕದ ಸೀಟಿನ ಬಾಗಿಲು ತೆರೆದು, ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಅರ್ಧ ಹರಿದ ನಂಬರಿನ ಚೀಟಿಯನ್ನು ನೋಡಿದಳು. ಪತ್ರಾದ ಕೆಳಗೆ ಸಂಜೆಯ ಬಿಸಿಲು ಇನ್ನೂ ಕಾಯುತ್ತಿತ್ತು.

"ಚಾಲೂ ಮಾಡ್ರಿ" ಎಂದಳು.

"ಚಾಲೂನೇ ಅದ."

ಆಕೆ ಕಣ್ಣು ಮುಚ್ಚಿದಳು. ಅವನೂ ಕೇಳಿಸಿಕೊಂಡ. ಪಕ್ಕದ ಮನೆಯಲ್ಲಿ ಯೋಗಿತಾ ಪಾತ್ರೆ ತೊಳೆಯುತ್ತಿದ್ದಳು, ಓಣಿಯಲ್ಲಿ ಯಾರೋ ಗಾಡಿಗೆ ಕಿಕ್ ಹೊಡೆಯುತ್ತಿದ್ದರು. ಈಗಲೇ, ಈ ಕ್ಷಣವೇ.

"ಸುಗಂಧಾ" ಎಂದ. "ಅದು... ಆ ಕಂಬಳಿ ಏನಾಗಿತ್ತಂದ್ರ..."

"ಫ್ಯಾನ್" ಎಂದಳು ಆಕೆ, ಕಣ್ಣು ತೆರೆಯದೆ. "ಗೊತ್ತದ ರೀ."

ಅವನು ಆಕೆಯ ಕಡೆಗೆ ತಿರುಗಿದ.

"ಮೊದಲ ನಂಬಿದ್ದೆ. ಸುಳ್ಳು ಯಾಕ ಹೇಳ್ಲಿ, ಖರೇ ಅಂತ ನಂಬಿದ್ದೆ. ಶ್ರಾವಣದಾಗ ಯೋಗಿತಾನ ಗಂಡ ಓಂಪ್ರಕಾಶ ಬಂದು, ಕಾಕೂ, ಅದು ಫ್ಯಾನ್ ಅದ, ಕಂಬಳಿ ತಗೀರಿ, ಗಾಡಿ ಕೆಡ್ತದ ಅಂದ. ಯಾರ ಮುಂದೂ ಬಾಯಿ ಬಿಡಬ್ಯಾಡಪ್ಪಾ ಅಂತ ಅಂವಗ ಕೈ ಮುಗದೆ."

"ಶ್ರಾವಣದಾಗ?" ಅವನ ದನಿ ಏರಿತು. "ಶ್ರಾವಣದಾಗ ಗೊತ್ತಿತ್ತ ನಿನಗ? ಮತ್ತ ದಸರಾ ಆಗ್ಲಿ ಅಂದಿ? ವಾರಂಟಿ ಇತ್ತಲ್ಲ ಅವಾಗ! ತಲಿ ಕೆಟ್ಟದೇನ್ ನಿನಗ? ಎಷ್ಟ್ ರೊಕ್ಕಾ ಕಟ್ಟಿ ಬಂದೀನಿ ಗೊತ್ತದೇನು?"

ಸುಗಂಧಾ ಕಣ್ಣು ತೆರೆದಳು. ಬೆದರಲಿಲ್ಲ, ಮುನಿಯಲೂ ಇಲ್ಲ. ಮನೆಯ ಗೋಡೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು. "ಅಡಿಗಿ ಮನಿ ಖಿಡಕಿ ಇಲ್ಲೇ ಅದಲ್ರೀ. ಸಂಜಿಕ ನೀವು ಬಂದು ಇಲ್ಲಿ ಕೂಡ್ತಿದ್ರಿ. ಮಾತಾಡ್ತಿದ್ರಿ. ನಾ ರೊಟ್ಟಿ ಬಡಿಯೂದು ಬಿಟ್ಟು ಖಿಡಕಿಗಿ ಬಂದು ನಿಂದರ್ತಿದ್ದೆ. ಲಗ್ನ ಆದಾಗಿಂದ ನೀವು ಅಷ್ಟ ಮಾತಾಡಿದ್ದು ನಾ ಕೇಳೇ ಇಲ್ಲ. ನಿಮ್ಮ ಎದಿ ನೋವೂ ಅಲ್ಲೇ ಕೇಳ್ದೆ, ನನ್ನ ಮ್ಯಾಲಿನ ಚಾಡಿನೂ ಕೇಳ್ದೆ." ಆಕೆಯ ತುಟಿಯಂಚಿನಲ್ಲಿ ನಗುವಿನಂಥದೇನೋ ಬಂದು ಹೋಯಿತು. "ಆ ಸಪ್ಪಳ ನಿಂತ್ರ ನಿಮ್ಮ ಮಾತೂ ನಿಂತ ಬಿಡ್ತದ ಅಂತ ಹೆದರಿಕಿ ಆಯ್ತು. ಅದಕ್ಕ ತಗೀಲಿಲ್ಲ. ಗಾಡಿ ಹೋದ್ರ ಹೋಗ್ಲಿ ಅಂದೆ."

ವಿಶ್ವನಾಥಪ್ಪನ ಕಿವಿ, ಕತ್ತು, ಬೆನ್ನು ಬಿಸಿಯಾದವು. ಏನೇನು ಹೇಳಿದ್ದೆ, ಯಾವ ಯಾವ ದಿನ ಹೇಳಿದ್ದೆ? ಬೆತ್ತಲೆ ನಿಂತ ಹಾಗಾಯಿತು. ಅದರ ಜೊತೆಗೇ, ಅದೇ ಉಸಿರಿನಲ್ಲಿ, ಇಷ್ಟು ಕಾಲ ಖಿಡಕಿಯ ಆಚೆ ಹಿಟ್ಟಿನ ಕೈಯಲ್ಲಿ ಒಬ್ಬಳು ನಿಂತಿದ್ದಳಲ್ಲ ಎಂದು ಎದೆ ತುಂಬಿ ಬಂದು ಅಳುವೇ ಬರುವಂತಾಯಿತು.

ಆಕೆ ಚೀಲವನ್ನು ಕಾಲ ಹತ್ತಿರ ಇಳಿಸಿ, ಸೀಟಿನಲ್ಲಿ ಅವನ ಕಡೆಗೆ ಪೂರಾ ತಿರುಗಿ ಕೂತಳು. ಸೆರಗು ಸರಿಮಾಡಿಕೊಂಡಳು.

"ಈಗ ಖಿಡಕಿ ಬ್ಯಾಡ. ಇಲ್ಲೇ ಕುಂತೀನಿ" ಎಂದಳು. "ಮಾತಾಡ್ರಿ."

ಅವನು ಬಾಯಿ ತೆರೆದ. ಹೇಳುವುದು ಎಷ್ಟೊಂದಿತ್ತು. ಉಮರ್ಗಾದ ಮುದುಕಿ ಇದ್ದಳು, ಅಕ್ಕ ಇದ್ದಳು, ಗಾಜಿನ ಕೋಣೆಯಲ್ಲಿ ಬರಿಗಾಲಲ್ಲಿ ಕೂತದ್ದಿತ್ತು, ನೀನೂ ನನ್ನ ಜೊತೆ ಕೂತು ಉಣ್ಣು ಎಂಬ ಒಂದು ಮಾತಿತ್ತು. ಎದುರಿಗೆ ಆಕೆಯ ಮುಖ ಇತ್ತು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಎರಡೂ ಕಣ್ಣು ಅವನ ಮೇಲೇ ಇದ್ದವು. ಅವನ ದೃಷ್ಟಿ ಜಾರಿ ಸ್ಟಿಯರಿಂಗಿನ ಹಿಂದಿನ ದೀಪಗಳ ಮೇಲೆ ಬಿತ್ತು.

"ಪೆಟ್ರೋಲ್ ಮುಗೀಲಿಕ್ಕ ಬಂದದ" ಎಂದ. "ಹಾಕಸ್ಬೇಕು."

ಸುಗಂಧಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಅವನು ಸ್ಟಿಯರಿಂಗ್ ಒರೆಸತೊಡಗಿದ.

"ಹೂಂ" ಎಂದಳು ಆಕೆ. "ಹಾಕಸ್ರಿ." ತಂಬಿಗೆ ಎತ್ತಿಕೊಂಡು ಇಳಿದು, ಬಾಗಿಲನ್ನು ಸದ್ದಾಗದಂತೆ ಹಾಕಿ ಒಳಗೆ ಹೋದಳು.